ತಾತ್ಕಾಲಿಕವಾಗಿ ಹೊರಗೆ

ವಾರ್ಡ್ ಕಚೇರಿ, ಮತದಾರರ ಪಟ್ಟಿ ವಿಭಾಗ
(ಅಂದರೆ ಮೆಟ್ಟಿಲ ಕೆಳಗಿನ ಮೇಜು)
ಒಂಬತ್ತನೇ ತಾರೀಖು, ಶನಿವಾರ, ಊಟದ ವಿರಾಮ

ಸನ್ಮಾನ್ಯ ಸಭಾಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಗಣ್ಯರೇ, ಮತದಾರ ಮಹಾಪ್ರಭುಗಳೇ, ಬಂದವರೇ, ಬರುವವರೇ, ಐದು ವರ್ಷದಿಂದ ಬಾರದೆ ಬಾಯಿ ಮುಚ್ಚಿ ಕೂತವರೇ! ಸ್ಥಳೀಯ ಚುನಾವಣೆಯ ಈ ಸುಸಂದರ್ಭದಲ್ಲಿ ತಮ್ಮನ್ನುದ್ದೇಶಿಸಿ ಎರಡು ಮಾತನಾಡುವ ಭಾಗ್ಯ ನನ್ನದಾಗಿದೆ. (ಚಪ್ಪಾಳೆ. ತಟ್ಟಿದ್ದು ಫ್ಯಾನು, ಅದರ ಒಂದು ರೆಕ್ಕೆ ಸಡಿಲ.)

ಪ್ರೀತಿಯ ಕುಳ್ಳಾ,

ಹೇಗಿದ್ದೀಯ? ಮೊಣಕಾಲು ಹೇಗಿದೆ? ದಿನವಿಡೀ ಲಿಫ್ಟಿನ ಗುಂಡಿಯಲ್ಲಿ ನಿಂತು ರಿಪೇರಿ ಮಾಡುವವನು ಮೊಣಕಾಲಿಗೆ ಏನಾದರೂ ಕಟ್ಟಿಕೊಳ್ಳಬಾರದೇ ಎಂದು ಅಮ್ಮ ಕೇಳುತ್ತಾಳೆ. ನೀನು ತಿಂಗಳಿಗೊಮ್ಮೆ, ಅಪ್ಪ ದಾರದ ಉಂಡೆ ತರಲು ಹೋಗುವ ಹೊತ್ತು ನೋಡಿಕೊಂಡು, ಅವಳಿಗೆ ನಾಲ್ಕು ನಿಮಿಷ ಫೋನ್ ಮಾಡುತ್ತೀಯ. ಆ ನಾಲ್ಕು ನಿಮಿಷವನ್ನು ಅವಳು ನಮಗೆ ನಾಲ್ಕು ದಿನ ಬಡಿಸುತ್ತಾಳೆ. ಮೊದಲ ದಿನ ನಿನಗೆ ಮೊಣಕಾಲು ನೋವು, ಎರಡನೇ ದಿನಕ್ಕೆ ಊತ, ನಾಲ್ಕನೇ ದಿನಕ್ಕೆ ಆಪರೇಷನ್ನು. ನಿಜವಾಗಿ ಎಷ್ಟು ನೋವಿದೆ ಎಂದು ನೀನೇ ಒಂದು ಸಾಲು ಬರೆದರೆ ಮನೆಯವರೆಲ್ಲರ ಆರೋಗ್ಯಕ್ಕೆ ಒಳ್ಳೆಯದು. ಕುಳ್ಳಾ ಎಂದದ್ದಕ್ಕೆ ಸಿಟ್ಟಾಗಬೇಡ. ನಿನಗೆ ಆರು ವರ್ಷವಿದ್ದಾಗ ಆ ಹೆಸರಿಟ್ಟವನು ನಾನು. ಹದಿನಾರಕ್ಕೆ ನೀನು ನನ್ನ ತಲೆಯ ಮೇಲೆ ಮೊಳಕೈ ಊರಿ ನಿಲ್ಲುವಷ್ಟಾದೆ. ಆದರೆ ಹೆಸರು ತಿದ್ದುಪಡಿಗೆ ನಿನ್ನಿಂದ ಯಾವ ಅರ್ಜಿಯೂ ಬಂದಿಲ್ಲವಾದ್ದರಿಂದ ಹಾಗೆಯೇ ಮುಂದುವರಿಸಿದ್ದೇನೆ.

ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ ಎಂದು ಬರೆಯಬೇಕು, ಬರೆದಿದ್ದೇನೆ. ಅಪ್ಪನ ಕಣ್ಣು ಮೊದಲಿನಂತಿಲ್ಲ. ಬೆಳಿಗ್ಗೆಯೇ ನಿನ್ನ ಅತ್ತಿಗೆ ಹತ್ತು ಸೂಜಿಗೆ ದಾರ ಪೋಣಿಸಿ ಸಾಲಾಗಿ ಚುಚ್ಚಿಟ್ಟು ಹೋಗುತ್ತಾಳೆ. ಅಪ್ಪ ಒಂದೊಂದಾಗಿ ಖರ್ಚು ಮಾಡುತ್ತಾರೆ. ಹನ್ನೊಂದನೆಯದು ಬೇಕಾದರೆ ನೇರವಾಗಿ ಕೇಳುವುದಿಲ್ಲ, "ಇವತ್ತಿಗೆ ಸಾಕು" ಎಂದು ಮಿಷನ್ ಮುಚ್ಚುತ್ತಾರೆ. ನಾನು ಕರಡು ತಿದ್ದುತ್ತಿದ್ದ ಪ್ರೆಸ್ಸು ಮುಚ್ಚಿತು, ನಿನಗೆ ಗೊತ್ತಿರಬಹುದು. ಈಗ ವಾರ್ಡ್ ಕಚೇರಿಯಲ್ಲಿ ಗುತ್ತಿಗೆಯ ಗುಮಾಸ್ತ. ಮೊದಲು ಅಕ್ಷರದ ತಪ್ಪು ಹುಡುಕುತ್ತಿದ್ದೆ, ಈಗ ಜನರ ತಪ್ಪು ವಿಳಾಸ ಹುಡುಕುತ್ತೇನೆ. ರಿಜಿಸ್ಟರ್ ಕಂಕುಳಲ್ಲಿಟ್ಟುಕೊಂಡು ಮನೆ ಮನೆ ತಿರುಗಿ, ಪಟ್ಟಿಯಲ್ಲಿರುವವರು ಮನೆಯಲ್ಲಿದ್ದಾರೋ, ಮನೆಯಲ್ಲಿರುವವರು ಪಟ್ಟಿಯಲ್ಲಿದ್ದಾರೋ ಎಂದು ನೋಡುವ ಕೆಲಸ. ನಾಯಿಗಳು ನನ್ನನ್ನು ಗುರುತು ಹಿಡಿಯುತ್ತವೆ, ಮತದಾರರು ಹಿಡಿಯುವುದಿಲ್ಲ.

ಈಗ ಭಾಷಣದ ಮುಖ್ಯ ಭಾಗ. ಮುಂದಿನ ತಿಂಗಳು ವಾರ್ಡಿನ ಚುನಾವಣೆ. ನಿನ್ನಂತೆ ಊರಾಚೆ ಇರುವವರಿಗೆ ಕಾನೂನು ಮೂರು ದಾರಿ ಇಟ್ಟಿದೆ. ಒಂದನೆಯದು, ಮತದಾನದ ದಿನ ಬಂದು ನಿನ್ನ ಕೈಯಾರೆ ಮೊಹರು ಒತ್ತುವುದು. ಇದಕ್ಕೆ ಅರ್ಜಿ ಬೇಡ, ಬಸ್ಸು ಸಾಕು. ಎರಡನೆಯದು ಅಂಚೆ ಮತ. ಇದರ ಜೊತೆ ಇಟ್ಟಿರುವ ಹಳದಿ ಅರ್ಜಿಗೆ ಸಹಿ ಹಾಕಿ ಇಪ್ಪತ್ತರೊಳಗೆ ನನಗೆ ತಲುಪುವಂತೆ ಕಳಿಸಿದರೆ, ಮತಪತ್ರವೇ ನಿನ್ನ ಕೋಣೆಗೆ ಬರುತ್ತದೆ. ಗುರುತು ಹಾಕಿದ ಚೀಟಿಯನ್ನು ಚಿಕ್ಕ ಲಕೋಟೆಗೆ, ಚಿಕ್ಕದನ್ನು ದೊಡ್ಡದಕ್ಕೆ ಹಾಕಿ, ದೊಡ್ಡದರ ಬೆನ್ನಿಗೆ ಒಬ್ಬ ಸಾಕ್ಷಿಯ ಸಹಿ ಹಾಕಿಸಿ, ಎಣಿಕೆಯ ದಿನ ಬೆಳಿಗ್ಗೆ ಎಂಟರೊಳಗೆ ಮುಟ್ಟಿಸಬೇಕು. ದೊಡ್ಡದನ್ನು ಚಿಕ್ಕದಕ್ಕೆ ತುರುಕಲು ನೋಡುವ ಮಹಾನುಭಾವರೂ ಇದ್ದಾರೆ. ನೀನು ಅವರ ಪೈಕಿ ಅಲ್ಲ ಎಂದು ನಂಬಿದ್ದೇನೆ. ಮೂರನೆಯದು, ನೀನಿರುವ ಊರಿನಲ್ಲೇ ಹೆಸರು ನೋಂದಾಯಿಸಿಕೊಳ್ಳುವುದು. ಹಾಗೆ ಮಾಡಿದರೆ ಇಲ್ಲಿಯ ಹೆಸರು ತಾನಾಗಿಯೇ ಹೋಗುತ್ತದೆ. ಆ ಅರ್ಜಿ ಬಿಳಿಯದು. ಗುಮಾಸ್ತನಾಗಿ ಅದನ್ನೂ ಇಡಲೇಬೇಕು, ಇಟ್ಟಿದ್ದೇನೆ. ಅಣ್ಣನಾಗಿ ಅದನ್ನು ಸ್ವಲ್ಪ ಕೆಳಗೆ ಇಟ್ಟಿದ್ದೇನೆ.

ಪಟ್ಟಿಯಲ್ಲಿ ನಮ್ಮ ಮನೆ ಒಂದೇ ಸಾಲಿನಲ್ಲಿದೆ. ಮುನ್ನೂರ ನಲವತ್ತೊಂದು ಅಪ್ಪ, ಆಮೇಲೆ ಅಮ್ಮ, ನಾನು, ನಿನ್ನ ಅತ್ತಿಗೆ, ಮುನ್ನೂರ ನಲವತ್ತೈದು ನೀನು. ಈ ಸಲ ನಿನ್ನ ಕೆಳಗೆ ನನ್ನ ಮಗಳು ಸೇರಿದ್ದಾಳೆ, ಅವಳಿಗೆ ಹದಿನೆಂಟಾಯಿತು. ನೀನು ಹೋದರೆ ಅವಳು ಒಂದು ಮೆಟ್ಟಿಲು ಮೇಲೆ ಬರುತ್ತಾಳೆ ಎಂದೆ. "ಚಿಕ್ಕಪ್ಪನ ನಂಬರ್ ನಂಗೆ ಬೇಡ" ಎಂದಳು. ಫೋಟೋದಲ್ಲಿ ನಿನಗೂ ಇನ್ನೂ ಹದಿನೆಂಟೇ. ಮೀಸೆ ಬಂದಿದೆಯೋ, ಫೋಟೋಗೆ ಕೊಳೆ ಹತ್ತಿದೆಯೋ ಹೇಳುವುದು ಕಷ್ಟ.

ಪಟ್ಟಿಯಲ್ಲಿದ್ದೂ ಮನೆಯಲ್ಲಿಲ್ಲದವರ ವಿಷಯದಲ್ಲಿ ನಿಯಮ ಹೀಗಿದೆ. ಬೇರೆ ಬೇರೆ ದಿನ ಮೂರು ಸಲ ಹೋಗಿ ವಿಚಾರಿಸಬೇಕು. 'ತಾತ್ಕಾಲಿಕವಾಗಿ ಹೊರಗೆ' ಎಂದು ಬರೆಯಬೇಕಾದರೆ ಮನೆಯ ಯಜಮಾನರು ಹಾಗೆಂದು ಹೇಳಿ ಸಹಿ ಹಾಕಬೇಕು. ಮೂರನೇ ಸಲವೂ ಸಹಿ ಸಿಗದಿದ್ದರೆ ಹೆಸರಿನ ಮೇಲೆ ಕೆಂಪು ಗೆರೆ. ನಮ್ಮ ಬೀದಿ ನನ್ನ ಪಾಲಿಗೆ ಬಂದಿದೆ, ಬೀದಿಯಲ್ಲಿ ನಮ್ಮ ಮನೆಯೂ ಇದೆ. ಹೀಗಾಗಿ ಕಳೆದ ವಾರ ನಾನು ನಮ್ಮ ಮನೆಯ ಬಾಗಿಲನ್ನೇ ಹೊರಗೆ ನಿಂತು ತಟ್ಟಿದೆ. ಅಮ್ಮ ಬಂದಳು. "ಈ ಮತದಾರರು ಸದ್ಯ ಇಲ್ಲಿ ವಾಸವಾಗಿದ್ದಾರೆಯೇ?" ಎಂದು ನಿನ್ನ ಹೆಸರು ಓದಿದೆ. "ಬಿಸಿಲಲ್ಲಿ ತಿರುಗಿ ತಲೆ ಕೆಟ್ಟಿದ್ಯೇನೋ, ಒಳಗೆ ಬಾ" ಎಂದಳು. ಆಮೇಲೆ ಅರ್ಥವಾಯಿತು. ಸೆರಗಿಗೆ ಕೈ ಒರೆಸಿಕೊಂಡು, "ಎಲ್ಲಿ ಸಹಿ ಹಾಕ್ಲಿ ಹೇಳು, ಹತ್ತು ಸಲ ಹಾಕ್ತೀನಿ" ಎಂದಳು. ಯಜಮಾನರದ್ದೇ ಆಗಬೇಕು ಎಂದೆ. ಕೈ ಮತ್ತೊಮ್ಮೆ ಒರೆಸಿಕೊಂಡು ಒಳಗೆ ಹೋದಳು. ಎರಡನೇ ಸಲ ಬಾಗಿಲು ತೆಗೆದದ್ದು ನಿನ್ನ ಅತ್ತಿಗೆ. "ಬನ್ನಿ ಸಾಹೇಬರೇ, ಚಪ್ಪಲಿ ಹೊರಗಡೆ ಬಿಡಿ. ಮಾವನ್ನ ಕೇಳೋಕೆ ನಿಮಗೆ ಧೈರ್ಯ ಇಲ್ಲ, ಅದನ್ನೂ ರಿಜಿಸ್ಟರಲ್ಲಿ ಬರ್ಕೊಳ್ಳಿ" ಎಂದಳು. ಬರೆದುಕೊಳ್ಳಲು ಅದಕ್ಕೊಂದು ಕಾಲಂ ಇರಲಿಲ್ಲ.

ಧೈರ್ಯ ಏಕಿರಲಿಲ್ಲ ಎಂಬುದು ನಿನಗೆ ಹೇಳಬೇಕಾದ್ದಲ್ಲ. ಆದರೂ ಹೇಳಿಕೊಂಡರೆ ನನಗೆ ಹಗುರ. ಐದು ವರ್ಷದ ಹಿಂದೆ ಅಪ್ಪ ಇದೇ ವಾರ್ಡಿಗೆ ನಿಂತರು. ಅಳತೆ ಕೊಡಲು ಬಂದವರೆಲ್ಲ "ನೀವೇ ನಿಲ್ಲಿ" ಅಂದಿದ್ದರು. ಅಳತೆ ಕೊಡುವಾಗ ಯಾರೂ ಟೈಲರಿಗೆ ಎದುರು ಮಾತಾಡುವುದಿಲ್ಲ, ಪಿನ್ನು ಅವರ ಕೈಯಲ್ಲಿರುತ್ತದೆ ಎಂಬುದು ಅಪ್ಪನಿಗೆ ಹೊಳೆಯಲಿಲ್ಲ. ಕತ್ತರಿ ಗುರುತು ಕೇಳಿದರು, ಏಣಿ ಸಿಕ್ಕಿತು. ಎದುರಿಗೆ ನಿಂತ ನರ್ಸಮ್ಮನಿಗೆ ಬಕೆಟ್ಟು. ಘೋಷಣೆಯ ಇಲಾಖೆ ನನ್ನದು. "ಹರಿದದ್ದನ್ನು ಹೊಲಿಯುವ ಕೈ, ಏಣಿಗೆ ಹೇಳಿ ಜೈ ಜೈ ಜೈ!" ಬೀದಿಯ ಮಕ್ಕಳೆಲ್ಲ ಕೂಗಿಕೊಂಡು ತಿರುಗಿದವು. ಮತದಾನದ ಹಿಂದಿನ ದಿನ ಊಟಕ್ಕೆ ಕೂತಾಗ ನೀನು ಅಂದೆಯಲ್ಲ: "ನನ್ನ ಓಟು ಬಕೆಟ್ಟಿಗೇ ಅಪ್ಪಾ. ನರ್ಸಮ್ಮ ಸೂಜಿ ಚುಚ್ಚಿದ್ರೆ ಜ್ವರ ಆದ್ರೂ ಬಿಡುತ್ತೆ, ನೀನು ಚುಚ್ಚಿದ್ರೆ ಗುಂಡಿ ಕೂರುತ್ತೆ ಅಷ್ಟೇ." ನಾವೆಲ್ಲ ನಕ್ಕೆವು. ಅಪ್ಪ ಎಲ್ಲರಿಗಿಂತ ಜೋರಾಗಿ ನಕ್ಕು, ಕೆಮ್ಮು ಬಂದು ನೀರು ಕುಡಿದರು.

ಮಾರನೇ ವಾರ ಎಣಿಕೆ. ಬಕೆಟ್ಟಿಗೆ ನಾನೂರ ಹದಿಮೂರು, ಏಣಿಗೆ ನಾನೂರ ಹನ್ನೆರಡು. ಎರಡು ಸಲ ಎಣಿಸಿದರು, ಆ ಒಂದು ಅಲ್ಲೇ ಕೂತಿತ್ತು. ಮನೆಗೆ ಬಂದ ಅಪ್ಪ ಕೊರಳಲ್ಲಿದ್ದ ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿನ್ನನ್ನೇ ನೋಡಿ, "ನಮ್ಮ ಮನೇಲಿ ಐದು ಓಟು. ನನಗೆ ಬಿದ್ದಿದ್ದು ನಾಲ್ಕು" ಎಂದರು. ನೀನು "ತಮಾಷೆಗೆ ಅಂದೆ ಅಪ್ಪಾ, ಏಣಿಗೇ ಒತ್ತಿದೀನಿ" ಎಂದೆ. ಅಪ್ಪ "ಸಾಕ್ಷಿ?" ಎಂದರು. "ಓಟಿಗೆ ಸಾಕ್ಷಿ ಎಲ್ಲಿಂದ ತರ್ಲಿ?" ಎಂದು ನೀನು ನಮ್ಮೆಲ್ಲರ ಮುಖ ಒಂದೊಂದಾಗಿ ನೋಡಿದೆ. ಅಮ್ಮ ಅಳುತ್ತಿದ್ದಳು. ನಿನ್ನ ಅತ್ತಿಗೆ ನೆಲ ನೋಡುತ್ತಿದ್ದಳು. ನಾನು ಬ್ಯಾನರ್ ಮಡಿಸುತ್ತಿದ್ದೆ. ಸೋತ ಬ್ಯಾನರನ್ನು ಅಷ್ಟು ಅಚ್ಚುಕಟ್ಟಾಗಿ ಯಾರೂ ಮಡಿಸಿರಲಾರರು. ಗುರುವಾರ ಬೆಳಿಗ್ಗೆ ನೀನು ಸ್ಪ್ಯಾನರುಗಳ ಚೀಲ ಹೆಗಲಿಗೇರಿಸಿ ಹೊರಟೆ. ಅಲ್ಲಿಂದೀಚೆಗೆ ಅಪ್ಪ ನಿನ್ನ ಹೆಸರೆತ್ತಿಲ್ಲ. ಊಟ ಹಾಕುವ ಹೊತ್ತಿಗೆ ತಟ್ಟೆ ಎಣಿಸುವ ಅಮ್ಮ ಈಗಲೂ ಒಂದು ಹೆಚ್ಚಾಗಿ ತೆಗೆದು, ವಾಪಸ್ ಇಡುತ್ತಾಳೆ.

ಇಷ್ಟಿದ್ದರೂ ನಿನ್ನೆ ಮೂರನೇ ಸಲ ಹೋಗಲೇಬೇಕಾಯಿತು. ಅಪ್ಪ ಮುಂಬಾಗಿಲ ಪಕ್ಕದಲ್ಲಿ ಮಿಷನ್ ತುಳಿಯುತ್ತಿದ್ದರು. ಹತ್ತರಲ್ಲಿ ಏಳು ಸೂಜಿ ಮುಗಿದಿತ್ತು. ನಾನು ಹೊಸಿಲಾಚೆ ನಿಂತು, ಗಂಟಲು ಸರಿಮಾಡಿಕೊಂಡು, ಮುನ್ನೂರ ನಲವತ್ತೈದು ಎಂದೆ, ನಿನ್ನ ಪೂರ್ತಿ ಹೆಸರು ಓದಿದೆ, ಆ ಪ್ರಶ್ನೆ ಕೇಳಿದೆ. ಕೈಯಲ್ಲಿ ಕೆಂಪು ಪೆನ್ನೂ ಇತ್ತು, ನೀಲಿಯೂ ಇತ್ತು. ಮಿಷನ್ ನಿಂತಿತು. ಅಡುಗೆಮನೆಯಲ್ಲಿ ನಲ್ಲಿಯೂ ನಿಂತಿತು. ಅಪ್ಪ ಕನ್ನಡಕ ತೆಗೆದು, ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನನ್ನನ್ನು ಅಪರಿಚಿತನ ಹಾಗೆ ನೋಡಿದರು. "ಬರ್ಕೊಳ್ಳಿ ಸಾರ್. ತಾತ್ಕಾಲಿಕವಾಗಿ ಹೊರಗೆ." ಅಪ್ಪನ ಬಾಯಲ್ಲಿ ನಾನು ಸಾರ್ ಆದದ್ದು ಜೀವಮಾನದಲ್ಲಿ ಅದೇ ಮೊದಲು. ರಿಜಿಸ್ಟರನ್ನು ಮಿಷನ್ನಿನ ಮೇಲೆಯೇ ಇಟ್ಟುಕೊಂಡು, ಗೆರೆ ಸರಿಯಾಗಿ ಕಾಣದೆ ಪಕ್ಕದ ಮನೆಯವರ ಕಾಲಂವರೆಗೂ ಹರಿಯುವಂತೆ ಸಹಿ ಹಾಕಿದರು. ಪುಸ್ತಕ ವಾಪಸ್ ಕೊಡುವಾಗ ಮೆಲ್ಲಗೆ ಅಂದರು: "ಬರೋಕೆ ಹೇಳು. ಬಂದು ಯಾರಿಗೆ ಬೇಕಾದ್ರೂ ಹಾಕ್ಲಿ. ಅವತ್ತಿನ ಓಟನ್ನ ನಾನು ಮರೆತೆ ಅಂತ ಹೇಳು."

ಆಮೇಲೆ "ದಪ್ಪ ಆಗಿರ್ತಾನಾ?" ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಅಳತೆ ಪುಸ್ತಕ ತೆಗೆದರು. ನಿನ್ನ ಪುಟಕ್ಕೆ ಒಂದು ಬಟ್ಟೆಯ ಚೂರು ಗುರುತಿಗೆ ಇಟ್ಟಿದ್ದಾರೆ, ಅದು ಇವತ್ತು ನಿನ್ನೆ ಇಟ್ಟದ್ದಲ್ಲ, ಅಂಚು ಮಾಸಿದೆ. "ಭುಜ ಬದಲಾಗಲ್ಲ. ಸೊಂಟ, ಎದೆ ಮಾತ್ರ ಕೇಳಿ ತಿಳ್ಕೋ" ಎಂದರು. ಆದ್ದರಿಂದ ಹಳದಿ ಅರ್ಜಿಯ ಹಿಂಬದಿಯಲ್ಲಿ ಅವೆರಡನ್ನೂ ಬರೆದು ಕಳಿಸು. ಕಾನೂನಿನಲ್ಲಿ ಇದಕ್ಕೆ ಅಡ್ಡಿಯಿಲ್ಲ, ನೋಡಿದ್ದೇನೆ. ಅಥವಾ ಬಸ್ಸಿನಲ್ಲಿ ನೀನೇ ಬಂದುಬಿಡು, ಅಪ್ಪನೇ ಟೇಪು ಹಿಡಿಯಲಿ. ಮುನ್ನೂರ ನಲವತ್ತೈದರ ಮುಂದೆ ನೀಲಿ ಪೆನ್ನಿನಲ್ಲಿ ಬರೆದ ಮೇಲೆ ನನಗೆ ಅದೇನೋ, ಮನೆಯ ಮಂಚವೊಂದು ಖಾಲಿಯಿದೆ ಎಂಬುದು ಮೊದಲಿಗಿಂತ ಹೆಚ್ಚಾಗಿ ಕಾಣುತ್ತಿದೆ. ಲಿಫ್ಟು ಮೇಲೆ ಹೋದದ್ದು ಕೆಳಗೆ ಬರಲೇಬೇಕಲ್ಲವೇ? ನೀನೇ ಹೇಳುತ್ತಿದ್ದೆ.

ಅಮ್ಮನ ಆಶೀರ್ವಾದ, ಅತ್ತಿಗೆಯ ಬೈಗುಳ (ಅವಳು ಹಾಗೆಂದೇ ಬರೆ ಎಂದಳು), ಮಗಳ ನಮಸ್ಕಾರ. ಅಪ್ಪನದು ಮೇಲೆ ಬರೆದಾಯಿತು. ಮೊಣಕಾಲು ಜೋಪಾನ.

ನಿನ್ನ ಅಣ್ಣ,
ಗುತ್ತಿಗೆ ಗುಮಾಸ್ತ, ಮೆಟ್ಟಿಲ ಕೆಳಗೆ

ಮರೆತಿದ್ದೆ: ಅಂಚೆಯವನು ಡಬ್ಬಿ ತೆರೆಯುತ್ತಿದ್ದಾನೆ, ಎರಡೇ ನಿಮಿಷ ಇದೆ. ಇದನ್ನು ಫೋನಿನಲ್ಲಿ ಹೇಳಲು ಐದು ವರ್ಷ ನೋಡಿದೆ, ಆಗಲಿಲ್ಲ. ಅಪ್ಪ ಮರೆತೆ ಅಂದರಲ್ಲ, ಆ ಕ್ಷಮೆಯನ್ನು ನೀನು ತಗೊಳ್ಳಬೇಡ. ಅದು ನಿನ್ನದಲ್ಲ. ಆ ಚುನಾವಣೆಗೆ ಮುಂಚೆ ಅಮ್ಮನ ಕೈ ಸುಟ್ಟಾಗ ಹನ್ನೊಂದು ದಿನ ಮನೆಗೆ ಬಂದು ಬ್ಯಾಂಡೇಜು ಕಟ್ಟಿದವಳು ನರ್ಸಮ್ಮ. ಅಪ್ಪ ಹೇಗೂ ಗೆಲ್ಲುತ್ತಾರೆ, ಅವಳಿಗೆ ತೀರಾ ಅವಮಾನ ಆಗಬಾರದು ಅಂದುಕೊಂಡೆ. ನನ್ನ ಪ್ರಾಸದ ಮೇಲೆ ನನಗೆ ಅಷ್ಟು ನಂಬಿಕೆ. ಈ ಕಾಗದ ಡಬ್ಬಿಗೆ ಬಿದ್ದ ಕೂಡಲೇ ಮನೆಗೆ ಹೋಗಿ ಅಪ್ಪನ ಮುಂದೆ ಕೂರುತ್ತೇನೆ, ನೀನು ಬರುವಷ್ಟರಲ್ಲಿ ಅವರಿಗೆ ಗೊತ್ತಿರುತ್ತದೆ. ಓಟಿಗೆ ಸಾಕ್ಷಿ ಎಲ್ಲಿಂದ ತರಲಿ ಎಂದು ಕೇಳಿದೆಯಲ್ಲ ಕುಳ್ಳಾ, ಸಾಕ್ಷಿ ಅಲ್ಲೇ ಬ್ಯಾನರ್ ಮಡಿಸುತ್ತಿತ್ತು. ಏಣಿಗೆ ಜೈ ಬರೆದ ಕೈಯೇ ಬಕೆಟ್ಟಿಗೆ ಮೊಹರು ಒತ್ತಿದ್ದು. ಆ ಒಂದು ಓಟು ನನ್ನದು.