ಎರಡನೆಯ ಪಿಟೀಲಿನ ಭಯ

ಪ್ರೀತಿಯ ಅಣ್ಣನಿಗೆ,

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಪಕ್ಕದಲ್ಲಿ ನಿನ್ನ ಮಗಳು ಪುಟ್ಟಿ ಕಾಲಾಡಿಸುತ್ತಾ ಕೂತಿದ್ದಾಳೆ.

ಅಪ್ಪನನ್ನು ಕೊಂಡೊಯ್ದ ಎದೆಯ ಕಾಯಿಲೆಯೇ ನಿನ್ನನ್ನೂ ಕೊಂಡೊಯ್ದದ್ದು, ಅದು ರಕ್ತದಲ್ಲೇ ಇಳಿದು ಬರುತ್ತದೆ ಎಂದು ಡಾಕ್ಟರು ಅತ್ತಿಗೆಗೆ ಹೇಳಿದ್ದರು. ನಾನೂ ಪುಟ್ಟಿಯೂ ಪರೀಕ್ಷೆ ಮಾಡಿಸಿಕೊಳ್ಳಬೇಕು, ಮೊದಲೇ ಗೊತ್ತಾದರೆ ಮಾತ್ರೆ ಇದೆ ಎಂದರಂತೆ. ಅಂದಿನಿಂದ ಈ ಆಸ್ಪತ್ರೆಯ ಬೀದಿಯನ್ನೇ ಬಿಟ್ಟು, ಮೀನು ಮಾರುಕಟ್ಟೆ ಸುತ್ತಿಕೊಂಡು ಇಸ್ತ್ರಿ ಅಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಮೊನ್ನೆ ಯಾರದೋ ಒಳ್ಳೆಯ ಅಂಗಿ ಸುಟ್ಟೆ. ಯಜಮಾನಿ ಬೈಯಲಿಲ್ಲ. ನನ್ನ ಮುಖದಲ್ಲಿ ಏನು ಕಂಡಳೋ ಎಂದು ಇನ್ನಷ್ಟು ಹೆದರಿದೆ.

ಅಣ್ಣಾ, ನಮ್ಮ ಸಂಗೀತವೂ ನನ್ನನ್ನು ಹೆದರಿಸುತ್ತಿದೆ. ಮುನ್ನೂರು ವರ್ಷದ ಹಿಂದೆ ಯುರೋಪಿನಲ್ಲಿ ಎರಡು ಪಿಟೀಲಿಗೆಂದು ಬರೆದ ಆ ಬರೋಕ್ ಕೃತಿಯನ್ನು ಎಷ್ಟು ಇಷ್ಟಪಟ್ಟು ನುಡಿಸುತ್ತಿದ್ದೆವು! ನೀನು ಮೊದಲು ಹೊರಡುತ್ತಿದ್ದೆ. ಒಂದು ಸಾಲು ಮುಗಿದ ಮೇಲೆ ನಾನು ಅದನ್ನೇ ಹಿಡಿದು ಹಿಂದೆ ಬರುತ್ತಿದ್ದೆ. ಒಂದೇ ರಾಗ ತನ್ನನ್ನು ತಾನೇ ಬೆನ್ನಟ್ಟಿದರೂ ಎಲ್ಲೂ ಡಿಕ್ಕಿ ಹೊಡೆಯುತ್ತಿರಲಿಲ್ಲ. ನೀನು ಲೆಕ್ಕದ ಮೇಷ್ಟರು. ತಂತಿಯನ್ನು ಅರ್ಧಕ್ಕೆ ಒತ್ತಿದರೆ ಅದೇ ಸ್ವರ ಮೇಲೇರಿ ಕೇಳುವುದನ್ನೂ, ಮೂರರಲ್ಲೊಂದು ಪಾಲು ಬಿಟ್ಟು ಒತ್ತಿದರೆ ಪಂಚಮ ಹುಟ್ಟುವುದನ್ನೂ ತೋರಿಸಿ, ಈಗಿನ ಸ್ವರ ಒಂದು ಸಾಲು ಹಿಂದಿನದಕ್ಕೂ ಹೊಂದುವಂತೆ ಬರೆದವನು ಎಷ್ಟು ಲೆಕ್ಕ ಹಾಕಿರಬೇಕು ಎಂದು ನೀನು ಬೆರಗಾಗುತ್ತಿದ್ದೆ. ನನಗೆ ಲೆಕ್ಕ ತಲೆಗೆ ಹತ್ತದು. ಆದರೂ ಎಲ್ಲ ಹೊಂದಿಕೊಂಡಾಗ ಮೈ ಜುಮ್ಮೆನ್ನುತ್ತಿತ್ತು. ನೀನು ತಪ್ಪಿದರೆ ನಾನೂ ಒಂದು ಸಾಲಾದ ಮೇಲೆ ಅದೇ ತಪ್ಪು ನುಡಿಸುತ್ತಿದ್ದೆ. "ಹಾಳೆ ನೋಡೇ ಕೋತಿ, ನನ್ನ ಮುಖದಲ್ಲೇನು ಬರೆದಿದೆ?" ಎಂದು ನೀನು ನಗುತ್ತಿದ್ದೆ.

ಒಮ್ಮೆ ನೀನು ನನ್ನ ಹಾಳೆಯನ್ನು ಅಂಗೈಯಿಂದ ಮುಚ್ಚಿ, "ನನ್ನ ಭಾಗ ಗೊತ್ತಿದ್ರೆ ಸಾಕು, ನಿಂದನ್ನ ಕಣ್ಣು ಮುಚ್ಚಿ ಬರೀಬಹುದು" ಎಂದಿದ್ದೆ. ಆಗ ನಾನು ನಕ್ಕಿದ್ದೆ. ಈಗ ಆ ಮಾತೇ ನನ್ನನ್ನು ಹೆದರಿಸುತ್ತದೆ. ಅಪ್ಪ, ಆಮೇಲೆ ನೀನು, ಆಮೇಲೆ ನಾನೇ? ಎದೆ ಒಮ್ಮೆ ತಪ್ಪಿ ಬಡಿದರೂ ನನ್ನ ಸಾಲು ಶುರುವಾಯಿತು ಅನ್ನಿಸುತ್ತದೆ.

ನಿನ್ನೆ ಸಂಜೆ ಅತ್ತಿಗೆ ಪುಟ್ಟಿಯನ್ನು ಇಲ್ಲಿಗೆ ಹೊರಡಿಸಲು ಪಾಡು ಪಡುತ್ತಿದ್ದಳು. ಹುಡುಗಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ನಾನೂ ಬುದ್ಧಿ ಹೇಳಲು ಹೋದೆ. ಅವಳು ನನ್ನನ್ನೇ ನೋಡಿ, "ನೀನೇ ಹೋಗ್ತಿಲ್ವಲ್ಲ ಅತ್ತೆ. ಅಲ್ಲಿ ಏನೋ ಕೆಟ್ಟದ್ದಿದೆ, ಅದಕ್ಕೆ ತಾನೆ?" ಎಂದಳು.

ನನ್ನ ಭಯವನ್ನು ಅವಳು ಸ್ವರ ಬಿಡದೆ ನುಡಿಸುತ್ತಿದ್ದಳು. ನಿನ್ನ ಹಿಂದೆ ನಾನಿದ್ದೇನೆಂದು ಮಾತ್ರ ತಿಳಿದಿದ್ದೆ. ನನ್ನ ಹಿಂದೆಯೂ ಒಬ್ಬಳು ಕಿವಿಗೊಟ್ಟು ನಿಂತಿದ್ದಾಳೆಂದು ತಿಳಿದಿರಲಿಲ್ಲ, ಅಣ್ಣಾ. "ನಾಳೆ ನಾನು ಮೊದಲು ಹೋಗ್ತೀನಿ, ಬಾ" ಎಂದುಬಿಟ್ಟೆ.

ಹೆದರಿಕೆ ಹೋಗಿಲ್ಲ. ಎದೆ ನೋಡುವ ಒಳಗಿನ ಯಂತ್ರ ಏನು ಹೇಳುತ್ತದೋ. ಈಗ ನರ್ಸಮ್ಮ ನನ್ನ ಹೆಸರು ಕೂಗಿದರು. ಪುಟ್ಟಿಯ ಮುಖ ಬಿಳಚಿಕೊಂಡಿದೆ, ನನ್ನ ಕಾಲನ್ನೇ ನೋಡುತ್ತಿದ್ದಾಳೆ, ನಡುಗುತ್ತದೆಯೇ ಎಂದು. ಎದ್ದು ನಿಲ್ಲುತ್ತಿದ್ದೇನೆ.

ನೀನಿರುವಲ್ಲಿ ನಿನ್ನ ಎದೆಗೆ ನೋವಿಲ್ಲದಿರಲಿ. ನಿನ್ನ ಮಗಳಿಗೆ ನನ್ನ ಆಯಸ್ಸೂ ಸೇರಲಿ.

ನಿನ್ನ ತಂಗಿ