ಕಾಬಾಳೆ ಕೊಯ್ದ ಮೇಲೆ

ಕಮಲಾಪುರ
೧೩ ಜುಲೈ ೨೦೨೫, ಭಾನುವಾರ

ಪ್ರೀತಿಯ ತ್ರಿವೇಣಿಗೆ, ನಿನ್ನ ಅತ್ತೆ ಚೆನ್ನಬಸಮ್ಮ ತಲೆ ನೇವರಿಸಿ ಬರೆಯುವುದು.

ಹೇಗಿದ್ದೀಯಾ ತಾಯೀ? ತಲೆನೋವು ಇನ್ನೂ ಬರುತ್ತದೆಯೇ? ಕಾಲುವೆಗೆ ನೀರು ಬಿಟ್ಟರಂತೆ, ನಿನ್ನ ತವರು ಎಮ್ಮಿಗನೂರಿನಲ್ಲಿ ನಾಟಿ ಶುರುವಾದರೆ ನೀನು ಗದ್ದೆಗೆ ಇಳಿಯದೆ ಇರುವವಳಲ್ಲ. ಇಳಿದರೆ ತಲೆಗೆ ಬಟ್ಟೆ ಕಟ್ಟಿಕೊ. ಹೊತ್ತಿಗೆ ಸರಿಯಾಗಿ ಉಣ್ಣು. ನಾನು ಚೆನ್ನಾಗಿದ್ದೇನೆ. ಉಣ್ಣುತ್ತೇನೆ, ಮಲಗುತ್ತೇನೆ, ಏಳುತ್ತೇನೆ. ಫೋನಿನಲ್ಲಿ ನೀನೂ ಹೂಂ ಅನ್ನುತ್ತೀ, ನಾನೂ ಹೂಂ ಅನ್ನುತ್ತೇನೆ, ಆಮೇಲೆ ಇಬ್ಬರೂ ಫೋನು ಇಡುತ್ತೇವೆ. ಅದಕ್ಕೇ ಈ ಕಾಗದ. ನನ್ನ ಅಕ್ಷರ ಬಸ್ಸಿನ ಬೋರ್ಡು ನೋಡಿ ಕಲಿತದ್ದು, ನಿಧಾನಕ್ಕೆ ಓದು.

ಹೋದ ವಾರ ನಿನ್ನ ಅಪ್ಪ ರಾಯಣ್ಣನವರು ಬಂದಿದ್ದರು. ಕೊಟ್ಟ ಚಹಾ ಕುಡಿದು ಲೋಟ ಕೆಳಗಿಟ್ಟರು. ಆಮೇಲೆ, “ಅಕ್ಕಾರ, ಗಂಗಾವತಿ ಕಡೆಯೋರು ನಮ್ಮ ತ್ರಿವೇಣಿನ್ನ ಕೇಳ್ಯಾರ. ಹುಡುಗ ಭಾಳ ಒಳ್ಳೇವ. ಆದ್ರ ಅತ್ತಿಮನಿ ಮಾತಿಲ್ದ ನಾನು ಉಡಿಕಿ ಸೀರಿ ಉಡಸಾಂವಲ್ಲ. ನೀವು ಹೂಂ ಅಂದ್ರ ಹೂಂ, ಬ್ಯಾಡ ಅಂದ್ರ ಬ್ಯಾಡ” ಎಂದರು. ಹುಡುಗನನ್ನು ನೋಡಿ ನೀನು ತಲೆಯಾಡಿಸಿದೆಯಂತೆ, ಆದರೆ ಎರಡನೆಯ ಮದುವೆಯ ಮಾತು ಅತ್ತಿ ಬಾಯಿಂದಲೇ ಬರಲಿ ಎಂದೆಯಂತೆ. ನಾನು ಹೂಂ ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಇನ್ನೊಂದು ಲೋಟ ಚಹಾ ಕೊಟ್ಟು ಕಳಿಸಿದೆ. ಆಷಾಢ ಮುಗಿಯುವುದರೊಳಗೆ ಹೇಳಿ ಎಂದು ಹೋಗಿದ್ದಾರೆ.

ಮನೆಯ ಸುದ್ದಿ ಎಂದರೆ ಬಚ್ಚಲದ ಸುದ್ದಿ. ನಿನ್ನ ಗಂಡ ಹಿತ್ತಲಲ್ಲಿ ಗುಂಡಿ ತೋಡಿ, ತಾಡಪಾಲು ಹಾಸಿ, ದಪ್ಪ ಕಲ್ಲು, ಜಲ್ಲಿ, ಮರಳು ತುಂಬಿ, ಮೇಲೆ ಕೆಂಪು ಹೂವಿನ ಕಾಬಾಳೆ ನೆಟ್ಟಿದ್ದು ನೀನು ಮದುವೆಯಾಗಿ ಬಂದ ವರ್ಷವೇ ಅಲ್ಲವೇ? ಬಚ್ಚಲದ ನೀರು, ಪಾತ್ರೆ ತೊಳೆದ ನೀರು ಎಲ್ಲ ಆ ಬೇರುಗಳೊಳಗೆ ಸೋಸಿ, ಆಚೆ ಸುಗಂಧಿ ಬಾಳೆಯ ಪಾತಿಗೆ ವಾಸನೆಯಿಲ್ಲದೆ ಬಂದು ಬೀಳುವುದನ್ನು ನೋಡಿ ಬೀದಿಯವರು ನಗುವುದು ಬಿಟ್ಟರು. ಅನ್ನದ ಅಗುಳು ಒಳಗೆ ಹೋಗಬಾರದೆಂದು ನೀನು ತೂತಿಗೆ ಹಳೆಯ ಸೀರೆಯ ತುಂಡು ಕಟ್ಟುತ್ತಿದ್ದೆ. ಕಾಬಾಳೆ ಬೆಳೆದಾಗಲೆಲ್ಲ ಅವನು ಬುಡಮಟ್ಟ ಕೊಯ್ಯುತ್ತಿದ್ದ. ಸಂಡೂರಿಗೆ ಕೆಲಸಕ್ಕೆ ಹೋದವನು ಹೆಣವಾಗಿ ಬಂದ ದಿನದಿಂದ ಆ ಗಿಡಗಳಿಗೆ ನಾನು ಕುಡುಗೋಲು ಮುಟ್ಟಗೊಡಲಿಲ್ಲ. ಅವನ ಕೈ ನೆಟ್ಟದ್ದು, ಇರಲಿ ಎಂದೆ. ಗೊನೆ ಹಾಕಿದ ಬಾಳೆಯನ್ನೂ ಕಡಿಯಗೊಡಲಿಲ್ಲ. ಹಣ್ಣೆಲ್ಲ ಕೋತಿಗಳ ಪಾಲಾಯಿತು, ಬಾಳೆ ನಿಂತಲ್ಲೇ ಒಣಗಿತು. ದಿನಾ ಬೆಳಿಗ್ಗೆ ಹೋಗಿ ಅದರ ಮುಂದೆ ನಿಲ್ಲುತ್ತಿದ್ದೆ. ಏನು ಯೋಚಿಸುತ್ತಿದ್ದೆ ಎಂದು ಕೇಳಿದರೆ ಏನೂ ಇಲ್ಲ.

ಕಾಬಾಳೆ ಆಳೆತ್ತರ ಬೆಳೆದು, ಹಳೆಯ ಎಲೆ ಅಲ್ಲೇ ಕೊಳೆತು, ಬೇರು ಜಲ್ಲಿಯನ್ನೆಲ್ಲ ಕಚ್ಚಿ ಹಿಡಿದುಬಿಟ್ಟಿತ್ತು. ನೀರು ಹೋಗಲು ದಾರಿಯಿಲ್ಲದೆ ಹಿಂದಕ್ಕೆ ತಿರುಗಿತು. ನಿನ್ನ ನೆಗೆಣ್ಣಿ ಸುಕನ್ಯಾ ಎಷ್ಟು ಮೆತ್ತಗಿನವಳು, ಅವಳೇ ಮೊನ್ನೆ ಕೂಗಿದಳು: “ಅತ್ತಿ, ಬಚ್ಚಲದಾಗ ಪಾದ ಮುಳುಗಾಂಗ ಕರೇ ನೀರು ನಿಂತೈತ್ರಿ. ಮೈ ತೊಳಕೊಳ್ಳೋದೋ, ಎಮ್ಮಿ ಹಂಗ ಬಿದ್ಕೊಳ್ಳೋದೋ?” ವಾಸನೆ ಪಡಸಾಲೆಯವರೆಗೂ ಬಂದಿತ್ತಂತೆ. ನನ್ನ ಮೂಗಿಗೆ ತಿಳಿದಿರಲಿಲ್ಲ.

ಹುಲಿಗೇಶಿಯ ಜೊತೆ ಗುಂಡಿಗೆ ಕಲ್ಲು ತುಂಬಿದ್ದ ಜಂಬುನಾಥನನ್ನು ಕರೆಸಿದೆವು. ಕುಡುಗೋಲು ಹಿಡಿದವನು ನನ್ನ ಮುಖ ನೋಡಿ ನಿಂತ. ನಾನು ಬೇಡವೆಂದೆ, ನೀರಿಗೆ ಬೇರೆ ದಾರಿ ಮಾಡೆಂದೆ. “ಅವ್ವಾ, ಇದೇನು ಗುಡೀನಾ? ಬಚ್ಚಲ ನೀರಿನ ಗುಂಡಿ ಐತ್ರಿ. ಹುಲಿಗೇಶಿ ಇದ್ದಿದ್ರ ನನಗ ‘ಲೇ, ಏನ್ ಕುಂತಿ, ಕೊಯ್ಯಲೇ’ ಅಂತ ಬೈತಿದ್ದ” ಎಂದ. ಬೈಯುತ್ತಿದ್ದ, ನಿಜ. ಕೊಯ್ಯಪ್ಪಾ ಎಂದೆ.

ಅವನೂ ಜೊತೆಗೆ ಬಂದ ಆಳೂ ಸೇರಿ ಎಲ್ಲ ಕೊಯ್ದರು. ಒಣಗಿದ ಬಾಳೆಯನ್ನೂ ಉರುಳಿಸಿದರು. ಜಲ್ಲಿ ತೆಗೆದು ಬುಟ್ಟಿಯಲ್ಲಿ ತೊಳೆದು ಮತ್ತೆ ತುಂಬಿದರು, ಮತ್ತೆ ಚಿಗುರಲೆಂದು ನಾಲ್ಕು ಗಡ್ಡೆ ಮಾತ್ರ ಬಿಟ್ಟರು. ಅಳು ಬರುತ್ತದೆಂದು ಸೆರಗು ಕೈಯಲ್ಲಿ ಹಿಡಿದು ಕಟ್ಟೆಯ ಮೇಲೆ ಕೂತಿದ್ದೆ. ಬರಲಿಲ್ಲ. ಹಸಿವಾಯಿತು. ಒಳಗೆ ಹೋಗಿ ರೊಟ್ಟಿ ತಿಂದೆ. ಸುಕನ್ಯಾ ಬಚ್ಚಲಕ್ಕೆ ಎರಡು ಕೊಡ ನೀರು ಸುರಿದಳು, ಹೋಯಿತು. ಇವತ್ತು ಬೆಳಿಗ್ಗೆ ಹಿತ್ತಲು ಬೋಳಾಗಿದೆ, ಆಚೆಯ ಗೋಡೆ ಕಾಣುತ್ತದೆ. ನೋಡಿದೆ, ಅಷ್ಟೇ. ಸ್ನಾನ ಮಾಡಿದೆ. ನೀರು ನಿಲ್ಲಲಿಲ್ಲ.

ನಿನ್ನ ಅಪ್ಪ ಕೇಳಿದ್ದಕ್ಕೆ ಏನು ಬರೆಯಬೇಕೆಂದು ಪೆನ್ನು ಹಿಡಿದು ಬಹಳ ಹೊತ್ತು ಕೂತೆ. ಹಾಗೇ ಮುಗಿಸುತ್ತಿದ್ದೇನೆ. ನಿಮ್ಮ ಅವ್ವ ಅಪ್ಪನಿಗೆ ನನ್ನ ಶರಣು ಹೇಳು. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅತ್ತೆ,
ಚೆನ್ನಬಸಮ್ಮ

ತಾ.ಕ.: ಈ ಕಾಗದ ಒಯ್ಯುವ ಜಂಬುನಾಥ ನಿಮ್ಮೂರ ಕಡೆ ಕಂಪ್ಲಿಗೆ ಹೊರಟು ಬಾಗಿಲಲ್ಲಿ ಗಾಡಿ ಚಾಲೂ ಮಾಡಿದ್ದಾನೆ, “ಜಲ್ದಿ ಕೊಡ್ರಿ ಅವ್ವಾ” ಅನ್ನುತ್ತಿದ್ದಾನೆ. ನಿನ್ನ ಅಪ್ಪನಿಗೆ ಹೇಳು, ಚೆನ್ನಬಸಮ್ಮ ಹೂಂ ಅಂದಳು ಅಂತ. ಉಡಿಕೆಯ ಸೀರೆ ನೀವು ತರಬೇಡಿ, ಈ ಮನೆಯಿಂದಲೇ ಬರುತ್ತದೆ, ಹೊಸಪೇಟೆಗೆ ಹೋಗಿ ನಾನೇ ತರುತ್ತೇನೆ. ಮೊದಲ ಸಲ ನಿನ್ನನ್ನು ಕೇಳದೆ ಬಣ್ಣ ಆರಿಸಿದ್ದೆ. ಈ ಸಲ ಯಾವ ಬಣ್ಣ ಬೇಕೆಂದು ಜಂಬುನಾಥನ ಕೈಲಿ ಹೇಳಿ ಕಳಿಸು.