ಗ್ರಾಮಫೋನಿನ ಕೆಳಗೆ ಹಾಸಿದ ಕೌದಿ

ಪ್ರಿಯ ನಿಜಾಮುದ್ದೀನರೇ,

ಸಿಂದಗಿಯಲ್ಲಿ ಅಳಿಯನ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯೇ ಈಗ ನನ್ನ ಲೋಕ; ಮೊಣಕಾಲುಗಳು ಮೆಟ್ಟಿಲಿಳಿಯಲು ಒಪ್ಪುವುದಿಲ್ಲ. ಗಿರಣಿ ತಿರುಗಿದರೆ ನೆಲ ಕಂಪಿಸಿ, ನೀವು ತೀರಿಕೊಂಡ ಮೇಲೆ ನನ್ನಲ್ಲಿಗೆ ಬಂದ ನಿಮ್ಮ ಗ್ರಾಮಫೋನಿನ ಸೂಜಿ ಹಾರುತ್ತಿತ್ತು. ತಿರುಗುವ ತಟ್ಟೆಯ ಮೇಲೆ ಉಣ್ಣೆಯ ಹಾಸು, ಪೆಟ್ಟಿಗೆಯ ಕೆಳಗೆ ರಬ್ಬರು, ಎರಡೂ ಸೋತವು.

ಸೂಜಿ ಹಾರುವ ವಿಷಯ ತಿಳಿದು, ಇಂದು ನಿಮ್ಮ ಮಡದಿ ಜೋಹರಾಬಿಯವರು ಇಂಡಿಯಿಂದ ಬಂದು, ನೀವು ಹೊದೆಯುತ್ತಿದ್ದ ಕೌದಿಯನ್ನು ಕೊಟ್ಟರು.

“ಅಂಗಡ್ಯಾಗಿನ ರಬ್ಬರೆಲ್ಲಾ ಮುಗೀತೇನ್ರಿ ಅಣ್ಣಾರ? ಇದನ್ನ ಹಾಸ್ರಿ. ಕಡೀಕ ಅವರ ಜ್ವರದ ನಡುಕಾನೂ ಇದ ತಡಕೊಂಡೈತಿ.”

ಮಡಿಸಿದ ಕೌದಿಯ ಮೇಲೆ ಹಲಗೆಯಿಟ್ಟು, ಅದರ ಮೇಲೆ ಪೆಟ್ಟಿಗೆಯನ್ನಿರಿಸಿದೆ. ಗಿರಣಿ ತಿರುಗುತ್ತಿದ್ದರೂ ಹಾಡು ಕೊನೆಯವರೆಗೆ ಅಲುಗದೆ ಸಾಗಿತು.

ಆ ಜ್ವರದಲ್ಲಿ ನೀವು ನನ್ನ ಹೆಸರನ್ನೂ ಕರೆದಿರೇ ಎಂದು ನಾನು ಅವರನ್ನು ವಿಚಾರಿಸಲಿಲ್ಲ. ಅವರು ಚಹಾ ಕುಡಿದು, ಮೆಟ್ಟಿಲಿಳಿದು ಹೋದರು.

ನಿಮ್ಮ
ಧೀರೇಂದ್ರ